ಉಜ್ಜಿದೆ, ಬಳಿದೆ, ಮತ್ತೆ ಬಂತು: ಹಳೇ ಮನೆಯ ಬೂಷ್ಟಿಗೆ ಏನು ಮಾಡಲಿ?

ಒದ್ದೆಗೋಡೆ:
ಎರಡು ವರ್ಷದ ಹಿಂದೆ ಒಂದು ಹಳೇ ಮನೆ ಕೊಂಡೆವು. ಕಟ್ಟಿ ಅರವತ್ತು ವರ್ಷ ದಾಟಿದೆ. ದಪ್ಪ ಇಟ್ಟಿಗೆ ಗೋಡೆ, ಎತ್ತರದ ಚಾವಣಿ, ನೋಡಿದ ಕೂಡಲೇ ಮನಸ್ಸು ಸೋತಿತ್ತು. ಮೊದಲ ಮಳೆಗಾಲ ಮುಗಿದ ಮೇಲೆ ಮಲಗುವ ಕೋಣೆಯ ಬೀರು ಸರಿಸಿದರೆ ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕೆ. ಯಾರೋ ಶಾಯಿ ಪೆನ್ನು ಒದರಿದ ಹಾಗೆ.

ಬ್ಲೀಚ್ ಹಾಕಿ ಉಜ್ಜಿದೆ, ಹೋಯಿತು. ಮೇಲೆ ಬೂಷ್ಟು ಹಿಡಿಯುವುದಿಲ್ಲ ಅಂತ ಡಬ್ಬಿಯ ಮೇಲೇ ಬರೆದಿದ್ದ ಪೇಂಟ್ ಎರಡು ಕೋಟ್ ಹೊಡೆಸಿದೆ. ಆರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಹಾಜರು. ಮತ್ತೆ ಉಜ್ಜಿದೆವು, ಮತ್ತೆ ಬಳಿದೆವು. ಈಗ ಮೂರನೇ ಸಲ. ಈ ಸಲ ಕೆಳಗೂ ಶುರುವಾಗಿದೆ. ನೆಲದಿಂದ ಮೊಣಕಾಲಿನ ಎತ್ತರದವರೆಗೆ ಪೇಂಟ್ ಗುಳ್ಳೆ ಎದ್ದಿದೆ. ಬೆರಳಲ್ಲಿ ಒತ್ತಿದರೆ ಒಡೆದು ಬಿಳಿ ಪುಡಿ ಉದುರುತ್ತದೆ. ಕೋಣೆಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಅಮ್ಮನಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರು.

ಪೇಂಟಿನವರು ಹೇಳುವುದು ಇಷ್ಟು: ಈ ಸಲ ಇನ್ನೂ ದಪ್ಪ ಕೋಟಿಂಗ್ ಕೊಡೋಣ, ಒಂದು ಹನಿಯೂ ಒಳಗೆ ಬರಬಾರದು. ಮಾಡಿಸಲಾ?

ಸುಮ್ನೆಓದುಗ:
ಮೂರನೇ ಸಲವೂ ಅದನ್ನೇ ಮಾಡಿಸಿದರೆ ನಾಲ್ಕನೇ ಸಲಕ್ಕೆ ಈಗಲೇ ಮುಂಗಡ ಕೊಟ್ಟ ಹಾಗೆ.

ಎರಡನೇಮಹಡಿ:
ಮಾಡಿಸಿ, ಯೋಚನೆ ಬೇಡ. ನಮ್ಮಲ್ಲಿ ದಪ್ಪ ಕೋಟಿಂಗ್ ಕೊಡಿಸಿ ಮೂರು ವರ್ಷ ಆಯಿತು. ಏನೂ ಇಲ್ಲ.

ಗಾರೆಕೈ:
ದಯವಿಟ್ಟು ಮಾಡಿಸಬೇಡಿ. ನಾನು ಗಾರೆ ಕೆಲಸದವನು, ಇಪ್ಪತ್ತೈದು ವರ್ಷದಿಂದ ಇದೇ ಕೆಲಸ.

ಹಳೇ ಇಟ್ಟಿಗೆ ಗೋಡೆ ನೀರು ಕುಡಿಯುತ್ತದೆ, ಆಮೇಲೆ ಬಿಡುತ್ತದೆ. ಅದನ್ನು ಕಟ್ಟಿದ್ದೇ ಹಾಗೆ. ಸುಣ್ಣದ ಗಾರೆ, ಸುಣ್ಣದ ಗಿಲಾವು, ಮೇಲೆ ಸುಣ್ಣ. ಪಸೆ ಹತ್ತಿದರೂ ಮೈಯಿಂದಲೇ ಆರಿ ಹೋಗುತ್ತಿತ್ತು. ಆಮೇಲೆ ಯಾರೋ ಬಂದು ಅದರ ಮೇಲೆ ಸಿಮೆಂಟ್ ಮೆತ್ತುತ್ತಾರೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ಗೋಡೆಗೆ ರೈನ್‌ಕೋಟ್ ಹಾಕಿಸಿ ಬಿಸಿಲಲ್ಲಿ ನಿಲ್ಲಿಸಿದ ಹಾಗೆ. ಒಳಗಿನ ನೀರು ಹೊರಗೆ ಬರಲಾಗದೆ ಮೇಲಕ್ಕೆ ಹತ್ತುತ್ತದೆ. ಇವತ್ತು ಮೊಣಕಾಲು, ನಾಳೆ ಸೊಂಟ.

ಇನ್ನೊಂದು ಮಾತು. ಆ ಬಿಳಿ ಪುಡಿ ಬೂಷ್ಟೇ ಅಲ್ಲ, ಉಪ್ಪು. ಒಂದು ಚಿಟಿಕೆ ತೆಗೆದು ನೀರಿಗೆ ಹಾಕಿ, ಕರಗುತ್ತದೆ. ಬೂಷ್ಟು ಕರಗುವುದಿಲ್ಲ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ನೆಲದ ನೀರು ಮಣ್ಣಿನ ಉಪ್ಪನ್ನೂ ಎಳೆದುಕೊಂಡು ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಹರಳು ಕಟ್ಟುವಾಗ ಅದು ಜಾಗ ಮಾಡಿಕೊಳ್ಳಬೇಕಲ್ಲ, ಪೇಂಟನ್ನು ಎಬ್ಬಿಸುತ್ತದೆ. ನಿಮ್ಮ ಗುಳ್ಳೆ ಅದೇ.

ಎರಡನೇಮಹಡಿ:
ಹಾಗಾದರೆ ನಮ್ಮ ಮನೆಯಲ್ಲಿ ಮೂರು ವರ್ಷ ಹೇಗೆ ತಡೆಯಿತು?

ಗಾರೆಕೈ:
ನಿಮ್ಮ ಹೆಸರೇ ಎರಡನೇ ಮಹಡಿ ಅಲ್ವಾ ಸ್ವಾಮಿ. ನೆಲದ ಪಸೆ ಹತ್ತುವುದು ಸಾಮಾನ್ಯವಾಗಿ ಒಂದು ಮೀಟರ್. ಅದು ನಿಮ್ಮ ಮನೆಗೆ ಲಿಫ್ಟಿನಲ್ಲಿ ಬರುತ್ತದೆಯೇ?

ಸುಮ್ನೆಓದುಗ:
😂😂

ಲೆಕ್ಕದವನು:
ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ ಅಂತ ನನ್ನ ಅನುಮಾನ. ಕೆಳಗಿನದು ನೆಲದ ಪಸೆ. ಬೀರು ಹಿಂದಿನ ಕಪ್ಪು ಚುಕ್ಕೆ ಗಾಳಿಯ ತೇವ. ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಅದಕ್ಕೇ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹಿಡಿಯಿರಿ. ಪೇಂಟ್ ಆಮೇಲೆ.

ಬೂಷ್ಟು ಹಿಡಿಯಲು ಗೋಡೆ ಒದ್ದೆಯೇ ಆಗಬೇಕಿಲ್ಲ. ಗೋಡೆಗೆ ಅಂಟಿದ ಗಾಳಿಯ ತೇವಾಂಶ ಶೇ. 80ರ ಸುತ್ತ ದಿನಗಟ್ಟಲೆ ನಿಂತರೆ ಸಾಕು. ಈಗ ನೋಡಿ, ಕೋಣೆ 22 ಡಿಗ್ರಿ, ತೇವಾಂಶ ಶೇ. 70 ಅಂತಿಟ್ಟುಕೊಳ್ಳಿ. ಹೊರಗೋಡೆ ಬರೀ ಎರಡು ಡಿಗ್ರಿ ತಣ್ಣಗಿದ್ದರೂ ಅದರ ಮೈಹತ್ತಿರ ಶೇ. 80 ಆಗಿಬಿಡುತ್ತದೆ. ಕೋಣೆಯ ನಡುವೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಬೀರು ಹಿಂದೆ ಗಾಳಿ ಆಡುವುದಿಲ್ಲ, ಮನೆಯ ಬಿಸಿಯೂ ಅಲ್ಲಿಗೆ ಹೋಗುವುದಿಲ್ಲ. ಬೂಷ್ಟಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕೇ?

ಪರೀಕ್ಷೆ ಸುಲಭ. ಎರಡು ಕಡೆ, ಮೇಲೊಂದು ಕೆಳಗೊಂದು, ಅಂಗೈ ಎರಡರಷ್ಟು ಅಲ್ಯೂಮಿನಿಯಂ ಹಾಳೆ ಗೋಡೆಗೆ ಅಂಟಿಸಿ. ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿರಲಿ. ಎರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯ ನೀರು. ಒಳಮೈ ಒದ್ದೆಯಾದರೆ ಗೋಡೆಯ ನೀರು. ಹಾಗೇ ಒಂದು ತೇವಾಂಶ ಮಾಪಕ ತಗೊಳ್ಳಿ. ಊಹೆಯಲ್ಲಿ ಮನೆ ರಿಪೇರಿ ಮಾಡಬೇಡಿ.

ಕಿಟಕಿಪಕ್ಕ:
ಇಷ್ಟೆಲ್ಲ ಯಾಕೆ? ದಿನವಿಡೀ ಕಿಟಕಿ ತೆಗೆದಿಡಿ. ನಮ್ಮಜ್ಜಿ ಕಾಲದಲ್ಲಿ ಮಾಪಕ ಇತ್ತಾ?

ಲೆಕ್ಕದವನು:
ಕಿಟಕಿ ಯಾವಾಗ ತೆಗೆಯುತ್ತೀರಿ ಅನ್ನುವುದು ಮುಖ್ಯ. ಹೊರಗೆ ಜಡಿಮಳೆ, 24 ಡಿಗ್ರಿ, ತೇವಾಂಶ ಶೇ. 95. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 20.7 ಗ್ರಾಂ ನೀರಿರುತ್ತದೆ. ಒಳಗೆ 27 ಡಿಗ್ರಿ, ಶೇ. 75. ಅದರಲ್ಲಿ 19.3 ಗ್ರಾಂ. ಈಗ ಕಿಟಕಿ ತೆಗೆದರೆ ನೀರನ್ನು ನೀವೇ ಕರೆದು ಒಳಗೆ ಕೂರಿಸಿದ ಹಾಗೆ.

ಅದೇ ಚಳಿಗಾಲದಲ್ಲಿ ಲೆಕ್ಕ ತಲೆಕೆಳಗು. ಹೊರಗೆ 10 ಡಿಗ್ರಿ, ಶೇ. 90 ಇದ್ದರೂ ಆ ಗಾಳಿಯಲ್ಲಿ ಬರೀ 8.5 ಗ್ರಾಂ. ಒಳಗೆ ಬಂದು 22 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ ಶೇ. 42ಕ್ಕೆ ಇಳಿಯುತ್ತದೆ. ಆಗ ತೆಗೆಯಿರಿ, ಎಲ್ಲಾ ಕಿಟಕಿ ತೆಗೆಯಿರಿ.

ಕಿಟಕಿಪಕ್ಕ:
ಅಂದರೆ ಮಳೆ ಬರುವಾಗ ನಾವೆಲ್ಲ ಬಾಗಿಲು ಜಡಿದುಕೊಂಡು ಉಸಿರುಗಟ್ಟಿ ಕೂರಬೇಕಾ? ಗಾಳಿ ಆಡಿದರೆ ಗೋಡೆ ಒಣಗುತ್ತದೆ. ಇದು ಚಿಕ್ಕ ಮಕ್ಕಳಿಗೂ ಗೊತ್ತು.

ಲೆಕ್ಕದವನು:
ಉಸಿರಾಡಲು ಗಾಳಿ ಬೇಕೇ ಬೇಕು, ಇಲ್ಲ ಅಂದೆನಾ? ಸ್ನಾನ, ಅಡುಗೆ ಮಾಡುವಾಗ ಹಬೆಯನ್ನು ಅಲ್ಲೇ ಹೊರಗೆ ತಳ್ಳಿ. ಒಣ ಹೊತ್ತು ನೋಡಿ ಹತ್ತು ನಿಮಿಷ ಎದುರುಬದುರು ಕಿಟಕಿ ಪೂರ್ತಿ ತೆಗೆಯಿರಿ. ಇಡೀ ದಿನ ಒಂದು ಸೀಳು ತೆಗೆದಿಡುವುದಕ್ಕಿಂತ ಅದು ಮೇಲು. ಫ್ಯಾನ್ ತಿರುಗಿಸಿ. ಗಾಳಿ ಆಡಿದರೆ ಗೋಡೆ ಒಣಗುತ್ತದೆ ಅನ್ನುವುದು ಸರಿ, ಆದರೆ ಒಣ ಗಾಳಿ ಆಡಿದರೆ.

ಗಾರೆಕೈ:
ಅಜ್ಜಿ ಕಾಲದ ವಿಷಯ ಬಂತಲ್ಲ, ಒಂದು ಮಾತು. ಆಗ ಕಿಟಕಿ ಮುಚ್ಚಿದರೂ ಗಾಳಿ ಬರುತ್ತಿತ್ತು. ಸಂದಿ, ಹೆಂಚು, ಗವಾಕ್ಷಿ. ಈಗ ನಾವು ಗಾಜು ಹಾಕಿಸಿ, ರಬ್ಬರ್ ಜಡಿದು, ಗವಾಕ್ಷಿಯನ್ನು ಜಿರಳೆ ಬರುತ್ತೆ ಅಂತ ಮುಚ್ಚಿಬಿಟ್ಟಿದ್ದೇವೆ. ಮನೆ ಮಾತ್ರ ಹಳೇದು, ಮುಚ್ಚಿಗೆ ಹೊಸದು.

ಬಾಡಿಗೆಮನೆ:
ನನ್ನ ಗೋಳೂ ಕೇಳಿ. ಮಗುವಿನ ಕೋಣೆಯ ಮೂಲೆ ಪೂರ್ತಿ ಕಪ್ಪು. ಮಾಲೀಕರಿಗೆ ಹೇಳಿದರೆ, 'ನೀವು ಒಳಗೆ ಬಟ್ಟೆ ಒಣಗಿಸುತ್ತೀರಿ, ನಿಮ್ಮದೇ ತಪ್ಪು' ಅಂತಾರೆ. ಮಳೆಯಲ್ಲಿ ಬಟ್ಟೆಯನ್ನು ಎಲ್ಲಿ ಒಣಗಿಸಲಿ, ಅವರ ತಲೆ ಮೇಲಾ?

ಲೆಕ್ಕದವನು:
ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲಿ ಸ್ವಲ್ಪ ನಿಜ ಇದೆ. ಮೆಷಿನ್ನಿನಿಂದ ತೆಗೆದ ಒಂದು ಸಲದ ಬಟ್ಟೆಯಲ್ಲಿ ಸುಮಾರು ಎರಡು ಲೀಟರ್ ನೀರು ಇರುತ್ತದೆ. ಒಣಗಿತು ಅಂದರೆ ಅಷ್ಟೂ ನಿಮ್ಮ ಮನೆಯ ಗಾಳಿಗೆ ಹೋಯಿತು ಅಂತ. ಆದರೆ ಮೂಲೆ ಅಷ್ಟೊಂದು ತಣ್ಣಗಿರುವುದು, ಎಕ್ಸಾಸ್ಟ್ ಫ್ಯಾನ್ ಇಲ್ಲದಿರುವುದು ನಿಮ್ಮ ತಪ್ಪಲ್ಲ. ಆ ಮೂಲೆಯ ಹೊರಗೆ ಮಳೆನೀರಿನ ಪೈಪ್ ಇದೆಯಾ ನೋಡಿ. ದಿನಾಂಕ ಬೀಳುವ ಹಾಗೆ ಫೋಟೋ ತೆಗೆದಿಡಿ. ಮಾಪಕದ ಅಂಕಿಯನ್ನೂ ಬರೆದಿಡಿ. ಜಗಳದಲ್ಲಿ ಅಂಕಿಗೆ ಬೆಲೆ ಜಾಸ್ತಿ.

ಬಾಡಿಗೆಮನೆ:
ಪೈಪ್ ಇದೆ! ಮಧ್ಯದಲ್ಲಿ ಒಡೆದು ಗೋಡೆ ಮೇಲೇ ಸುರಿಯುತ್ತಿದೆ. ಇಷ್ಟು ದಿನ ಛತ್ರಿ ಹಿಡಿದು ಹೊರಗೆ ಹೋಗಿ ನೋಡಿರಲೇ ಇಲ್ಲ. ವಿಡಿಯೋ ತೆಗೆದು ಕಳಿಸಿದೆ.

ಮೂಗುದಾರ:
ಬ್ಲೀಚ್ ವಿಷಯ ಯಾರೂ ಮಾತಾಡಲಿಲ್ಲ. ಗೋಡೆಗೆ ಬ್ಲೀಚ್ ಅಷ್ಟು ಪ್ರಯೋಜನ ಇಲ್ಲ. ಟೈಲ್ಸ್, ಗಾಜಿನ ಮೇಲೆ ಸರಿ. ಗಿಲಾವು, ಮರ ಇಂಥವಕ್ಕೆ ಸಣ್ಣ ಸಣ್ಣ ರಂಧ್ರ. ಬ್ಲೀಚಿನ ಮದ್ದು ಮೇಲೇ ಕರಗಿ ಹೋಗುತ್ತದೆ, ಅದರಲ್ಲಿರುವ ನೀರು ಮಾತ್ರ ಒಳಗೆ ಇಳಿಯುತ್ತದೆ. ಕಪ್ಪು ಬೆಳ್ಳಗಾಗುತ್ತದೆ, ನಮಗೆ ಸಮಾಧಾನ ಆಗುತ್ತದೆ, ಬೇರು ಅಲ್ಲೇ ಇರುತ್ತದೆ. ವಿನೆಗರ್ ಒಳ್ಳೇದು.

ಗಾರೆಕೈ:
ವಿನೆಗರ್ ಆಮ್ಲ ಕಣ್ರೀ. ಸುಣ್ಣದ ಗೋಡೆಗೆ, ಅಮೃತಶಿಲೆಗೆ ಹಾಕಿದರೆ ತಿಂದುಬಿಡುತ್ತದೆ. ಸುಣ್ಣ ತಾನೇ ಒಳ್ಳೆ ಮದ್ದು. ಹೊಸ ಸುಣ್ಣದ ಮೇಲೆ ಬೂಷ್ಟು ಕೂರುವುದಿಲ್ಲ, ಅಷ್ಟು ಖಾರ ಅದು.

ರಾತ್ರಿಪಾಳಿ:
ಬ್ಲೀಚ್ ಹಾಕಿ, ವಿನೆಗರ್ ಹಾಕಿ, ಏನು ಬೇಕಾದರೂ ಹಾಕಿ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ!! ನಾನು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಬಚ್ಚಲಿನ ಮೂಲೆಗೆ ಬ್ಲೀಚ್ ಸುರಿದು, ಹೋಗಲಿಲ್ಲ ಅಂತ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದೆ. ಬಾಗಿಲು ಬೇರೆ ಹಾಕಿಕೊಂಡಿದ್ದೆ. ಹಳದಿ ಹಸಿರು ಹೊಗೆ, ಗಂಟಲಿಗೆ ಗಾಜಿನ ಪುಡಿ ಇಳಿದ ಹಾಗೆ. ತೆವಳಿಕೊಂಡು ಹೊರಗೆ ಬಂದೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ. ಅಮೋನಿಯಾ ಇರುವ ಕ್ಲೀನರ್ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ಬೆಂಕಿ.

ಸುಮ್ನೆಓದುಗ:
ಇದನ್ನು ಯಾರಾದರೂ ಮೇಲೆ ಪಿನ್ ಮಾಡಿ.

ಗಾಬರಿಗೌರಿ:
ಎಲ್ಲರೂ ಆರಾಮಾಗಿ ಮಾತಾಡ್ತಿದ್ದೀರಿ! ಕಪ್ಪು ಬೂಷ್ಟು ಅಂದರೆ ವಿಷ ಅಲ್ವಾ? ವಿಡಿಯೋ ನೋಡಿದೆ, ಮೆದುಳಿಗೇ ಏರುತ್ತಂತೆ. ಒದ್ದೆಗೋಡೆಯವರೇ, ಮೊದಲು ಮನೆ ಖಾಲಿ ಮಾಡಿ!

ಲ್ಯಾಬ್‌ಕೋಟು:
ಸ್ವಲ್ಪ ನಿಧಾನ. ಕಪ್ಪಗಿರುವ ಬೂಷ್ಟೆಲ್ಲ ಆ ಭಯಂಕರ ಸ್ಟ್ಯಾಕಿಬೊಟ್ರಿಸ್ ಅಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕ್ಲಾಡೊಸ್ಪೋರಿಯಂ, ಆಸ್ಪರ್ಜಿಲಸ್, ಪೆನಿಸಿಲಿಯಂ. ಬಣ್ಣ ನೋಡಿ ಜಾತಿ ಹೇಳಲು ಆಗುವುದಿಲ್ಲ. ಸ್ಟ್ಯಾಕಿಬೊಟ್ರಿಸ್‌ಗೆ ಸದಾ ತೊಯ್ದ ಕಾಗದ, ರಟ್ಟು, ಜಿಪ್ಸಂ ಹಲಗೆಯಂಥದ್ದು ಬೇಕು.

ಈ ಹೆದರಿಕೆ ಹುಟ್ಟಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. 1993-94ರ ಹೊತ್ತಿಗೆ ಅಲ್ಲಿ ಕೆಲವು ಹಸುಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವ ಆಯಿತು. ಈ ಬೂಷ್ಟೇ ಕಾರಣ ಅಂತ ಸುದ್ದಿಯಾಯಿತು. 2000ದಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯೇ ಮತ್ತೆ ಪರಿಶೀಲಿಸಿ, ಆ ಸಂಬಂಧ ಸಾಬೀತಾಗಿಲ್ಲ ಅಂದಿತು. ಆದರೆ ಆ ಎರಡನೇ ಸುದ್ದಿಯನ್ನು ಯಾರೂ ವಿಡಿಯೋ ಮಾಡುವುದಿಲ್ಲ.

ಹಾಗಂತ ಬೂಷ್ಟು ಸಾಧು ಅಂತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ತಂದಿತು. ತೇವದ ಮನೆಗೂ ಉಸಿರಾಟದ ತೊಂದರೆ, ಆಸ್ತಮಾಕ್ಕೂ ನಂಟಿದೆ ಅಂತ ಅದರಲ್ಲಿದೆ. ಇಷ್ಟು ಬೀಜಾಣು ಇದ್ದರೆ ಪರವಾಗಿಲ್ಲ ಅನ್ನುವ ಅಂಕಿಯನ್ನು ಅದು ಕೊಡುವುದಿಲ್ಲ. ತೇವ ನಿಲ್ಲಿಸಿ ಅನ್ನುತ್ತದೆ, ಅಷ್ಟೇ. ಹಾಗಾಗಿ ಯಾವ ಜಾತಿ ಅಂತ ದುಡ್ಡು ಕೊಟ್ಟು ಟೆಸ್ಟ್ ಮಾಡಿಸುವುದು ಬಹಳ ಸಲ ದಂಡ. ಜಾತಿ ಯಾವುದಾದರೂ ಮಾಡುವ ಕೆಲಸ ಒಂದೇ.

ಅಮ್ಮನನ್ನು ಸದ್ಯಕ್ಕೆ ಬೇರೆ ಕೋಣೆಯಲ್ಲಿ ಮಲಗಿಸಿ. ಡಾಕ್ಟರಿಗೆ ತೋರಿಸುವಾಗ ಮನೆಯಲ್ಲಿ ಬೂಷ್ಟಿದೆ ಅಂತ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳದಿರಬಹುದು. ಉಜ್ಜುವವರು ಎನ್-95 ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಒಣ ಪೊರಕೆ, ಒಣ ಬ್ರಷ್ ಮುಟ್ಟಬೇಡಿ. ಮೊದಲು ಸೋಪು ನೀರು ಚಿಮುಕಿಸಿ, ಆಮೇಲೆ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಸತ್ತ ಬೂಷ್ಟೂ ಸೀನು ತರಿಸುತ್ತದೆ. ಕೊಂದರೆ ಸಾಲದು, ತೆಗೆಯಬೇಕು.

ಗಾರೆಕೈ:
ಉಪ್ಪಿಗೆ ಮಾತ್ರ ಇದರ ಉಲ್ಟಾ. ನೀರು ತಾಗಿಸಬೇಡಿ. ಕರಗಿ ಮತ್ತೆ ಗೋಡೆಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉದುರಿಸಿ, ಗುಡಿಸಿ ಎಸೆಯಿರಿ.

ಪುಸ್ತಕಹುಳ:
ವಿಷಯಾಂತರಕ್ಕೆ ಕ್ಷಮೆ ಇರಲಿ. ಗೋಡೆ ಸರಿ, ಪುಸ್ತಕಕ್ಕೆ ಏನು ಮಾಡುವುದು? ಅಪ್ಪನ ಪೆಟ್ಟಿಗೆ ತೆಗೆದರೆ ರಟ್ಟಿನ ಮೇಲೆಲ್ಲ ಬಿಳಿ ಬೂಷ್ಟು. ಜೊತೆಗೆ ಧೂಳಿನ ಕಣದಷ್ಟು ಸಣ್ಣ ಹುಳ ಓಡಾಡುತ್ತಿವೆ.

ಲ್ಯಾಬ್‌ಕೋಟು:
ಆ ಹುಳ ತಿನ್ನುವುದು ಮುಖ್ಯವಾಗಿ ಬೂಷ್ಟನ್ನೇ. ಅವು ಬಂದಿವೆ ಅಂದರೆ ತೇವ ಜಾಸ್ತಿ ಅಂತ ಪುಕ್ಕಟೆ ವರದಿ. ಜಾಗ ಒಣಗಿದರೆ ತಾವಾಗಿಯೇ ಸಾಯುತ್ತವೆ. ಪುಸ್ತಕವನ್ನು ಮೊದಲು ಪೂರ್ತಿ ಒಣಗಿಸಿ, ನೆರಳಲ್ಲಿ, ಗಾಳಿಯಲ್ಲಿ. ಹಸಿ ಇರುವಾಗ ಉಜ್ಜಿದರೆ ಕಲೆ ಕಾಗದದೊಳಗೆ ಇಳಿಯುತ್ತದೆ. ಒಣಗಿದ ಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ತೊಯ್ದು ತೊಪ್ಪೆಯಾಗಿದ್ದು ಈಗಲೇ ಒಣಗಿಸಲು ಪುರುಸೊತ್ತಿಲ್ಲದಿದ್ದರೆ ಕವರಿನಲ್ಲಿಟ್ಟು ಫ್ರೀಜರಿಗೆ ಹಾಕಿ. ಬೂಷ್ಟು ಸಾಯುವುದಿಲ್ಲ, ಆದರೆ ಬೆಳೆಯುವುದು ನಿಲ್ಲುತ್ತದೆ.

ಹಳೇಬಣ್ಣ:
ಬೂಷ್ಟಿನ ಕತೆ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. 19ನೇ ಶತಮಾನದ ಯುರೋಪಿನಲ್ಲಿ ಗೋಡೆಗೆ ಹಸಿರು ಕಾಗದ ಅಂಟಿಸುವ ಹುಚ್ಚು ಇತ್ತು. ಆ ಹಸಿರು ಬಣ್ಣದಲ್ಲಿ ಆರ್ಸೆನಿಕ್. ತೇವದ ಮನೆಗಳಲ್ಲಿ ಮಲಗಿದವರಿಗೆ ಕಾಯಿಲೆ. 1890ರ ದಶಕದಲ್ಲಿ ಗೋಸಿಯೊ ಅನ್ನುವ ಇಟಲಿಯ ವಿಜ್ಞಾನಿ ಪರೀಕ್ಷೆ ಮಾಡಿ, ಬಣ್ಣದ ಮೇಲೆ ಬೆಳೆಯುವ ಬೂಷ್ಟು ಬೆಳ್ಳುಳ್ಳಿ ವಾಸನೆಯ ಆರ್ಸೆನಿಕ್ ಅನಿಲ ಬಿಡುತ್ತದೆ ಅಂತ ತೋರಿಸಿದ. ನೆಪೋಲಿಯನ್ ಸಾವನ್ನೂ ಇದಕ್ಕೇ ಗಂಟು ಹಾಕುವವರಿದ್ದಾರೆ.

ಸುಮ್ನೆಓದುಗ:
ಒದ್ದೆಗೋಡೆಯವರು ಬೀರು ಸರಿಸಿದರು, ನಾವು ನೆಪೋಲಿಯನ್ ತನಕ ಬಂದೆವು.

ಒದ್ದೆಗೋಡೆ:
ವಾಪಸ್ ಬಂದೆ. ಎಲ್ಲರಿಗೂ ಥ್ಯಾಂಕ್ಸ್. ಪರೀಕ್ಷೆ ಎಲ್ಲಾ ಮಾಡಿದೆ.

ಅಲ್ಯೂಮಿನಿಯಂ ಹಾಳೆ: ಕೆಳಗಿನದು ಅಂಟಲೇ ಇಲ್ಲ, ಪೇಂಟ್ ಸಮೇತ ಕಿತ್ತು ಬಂತು. ಗುಳ್ಳೆ ಎಲ್ಲ ಕೆರೆದು ಮತ್ತೆ ಅಂಟಿಸಿದೆ. ಎರಡು ದಿನ ಬಿಟ್ಟು ತೆಗೆದರೆ ಒಳಮೈಯಲ್ಲಿ ಹನಿಗಳು ಸಾಲಾಗಿ ಕೂತಿದ್ದವು. ಮೇಲಿನ ಹಾಳೆಯ ಒಳಗೆ ಒಣ. ಹೊರಮೈ ಮಾತ್ರ ಬೆಳಗಿನ ಜಾವ ಮಂಜು ಹಿಡಿದ ಕನ್ನಡಿಯ ಹಾಗೆ ಮಸುಕಾಗಿತ್ತು, ಬೆರಳಲ್ಲಿ ಗೀಟು ಎಳೆಯುವಷ್ಟು. ಆಗ ಕೋಣೆ 22 ಡಿಗ್ರಿ, ತೇವಾಂಶ ಶೇ. 82. ಬೀರು ಹಿಂದಿನ ಗೋಡೆ 18 ಡಿಗ್ರಿ. ಲೆಕ್ಕದವನು ಹೇಳಿದ್ದು ನಿಜ, ಎರಡೂ ಬೇರೆ ಬೇರೆ.

ರಾತ್ರಿ ನಲ್ಲಿ ಎಲ್ಲ ಮುಚ್ಚಿ ನೀರಿನ ಮೀಟರ್ ನೋಡಿದೆ. ಎರಡು ಗಂಟೆ ಅಲ್ಲಾಡಲಿಲ್ಲ. ಪೈಪ್ ಸೋರುತ್ತಿಲ್ಲ.

ಬಿಳಿ ಪುಡಿ ನೀರಿನಲ್ಲಿ ಕರಗಿತು.

ಗಾರೆಕೈ:
ಭೇಷ್. ಈಗ ಹೊರಗೆ ಹೋಗಿ. ಆ ಗೋಡೆಯ ಆಚೆ ಬದಿಯಲ್ಲಿ ಏನಿದೆ? ನೆಲ ಎಷ್ಟು ಎತ್ತರ ಇದೆ?

ಒದ್ದೆಗೋಡೆ:
ಆಚೆ ಓಡಾಡುವ ದಾರಿ. ಹಿಂದಿನವರು ಟೈಲ್ಸ್ ಹಾಕಿಸಿದ್ದಾರೆ, ಚೆನ್ನಾಗಿದೆ. ಎತ್ತರ ಸಮ ಇರಬೇಕು.

ಗಾರೆಕೈ:
'ಇರಬೇಕು' ಬೇಡ. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿ ಕಿಟಕಿಯಿಂದ ಒಳಗೆ, ಇನ್ನೊಂದು ಹೊರಗೆ. ನಡುವೆ ಗಾಳಿಗುಳ್ಳೆ ಇರಬಾರದು. ಎರಡೂ ಕಡೆ ನೀರಿನ ಮಟ್ಟದಿಂದ ನೆಲಕ್ಕೆ ಅಳೆಯಿರಿ.

ಒದ್ದೆಗೋಡೆ:
ಅಳೆದೆ. ಒಳಗೆ ಒಬ್ಬ, ಹೊರಗೆ ಒಬ್ಬ, ಅಮ್ಮ ನಡುವೆ ನಿಂತು ಎರಡೂ ಕಡೆಯ ಅಂಕಿ ಕೂಗಿ ಹೇಳುತ್ತಿದ್ದರು. ಒಳಗೆ 104 ಸೆಂ.ಮೀ. ಹೊರಗೆ 95.

ಹೊರಗಿನ ನೆಲ ಒಳಗಿನ ನೆಲಕ್ಕಿಂತ 9 ಸೆಂ.ಮೀ. ಮೇಲಿದೆ! ಹಳೇ ನೆಲದ ಮೇಲೇ ಕಾಂಕ್ರೀಟ್ ಸುರಿದು ಟೈಲ್ಸ್ ಹಾಕಿದ್ದಾರೆ. ಅದೂ ಸಾಲದು ಅಂತ ಇಳಿಜಾರು ನಮ್ಮ ಗೋಡೆಯ ಕಡೆಗೇ. ಒಂದು ಬಕೆಟ್ ನೀರು ಸುರಿದೆ. ನೆಟ್ಟಗೆ ಬಂದು ಗೋಡೆಯ ಬುಡದಲ್ಲಿ ನಿಂತಿತು, ಸಾಕಿದ ನಾಯಿ ಹಾಗೆ.

ಗಾರೆಕೈ:
ಸಿಕ್ಕಿತು ನೋಡಿ. ನಿಮ್ಮ ಗೋಡೆಯ ಪಾಯದಲ್ಲಿ ಪಸೆ ತಡೆಯುವ ಪದರ ಇದ್ದರೂ ಇಲ್ಲದಿದ್ದರೂ ಈಗ ಒಂದೇ. ಅದನ್ನು ದಾಟಿ ಮೇಲಿಂದ ನೀರು ನುಗ್ಗುತ್ತಿದೆ.

ಮೂಗುದಾರ:
ಗೋಡೆಗೆ ಸಾಲಾಗಿ ತೂತು ಕೊರೆದು ರಾಸಾಯನಿಕ ಕ್ರೀಮ್ ತುಂಬುತ್ತಾರಲ್ಲ, ಇಂಜೆಕ್ಷನ್. ಅದನ್ನು ಮಾಡಿಸಿಬಿಡಿ. ಶಾಶ್ವತ ಪರಿಹಾರ.

ಗಾರೆಕೈ:
ತೂತು ನೆಲದ ಮಟ್ಟಕ್ಕೆ ಕೊರೆಯುತ್ತಾರೆ. ನೀರು 9 ಸೆಂ.ಮೀ. ಮೇಲಿಂದ ಬರುತ್ತಿದೆ. ಕೊಡೆ ಹಿಡಿದು ಈಜಿದ ಹಾಗಾಯಿತು. ಮೊದಲು ಆಚೆ ಗೋಡೆಯ ಉದ್ದಕ್ಕೂ ಒಂದು ಗೇಣು ಅಗಲ ಟೈಲ್ಸ್, ಕಾಂಕ್ರೀಟ್ ಒಡೆಸಿ. ಒಳ ನೆಲಕ್ಕಿಂತ 15 ಸೆಂ.ಮೀ. ಕೆಳಗಿನವರೆಗೆ ಅಗೆದು ಜಲ್ಲಿ ತುಂಬಿಸಿ. ಆ ಕಾಲುವೆಯ ನೀರು ಹೊರಗೆ ಹರಿದು ಹೋಗಲು ದಾರಿ ಇರಲಿ, ಇಲ್ಲದಿದ್ದರೆ ಅದೇ ತೊಟ್ಟಿಯಾಗುತ್ತದೆ. ಪಾಯದ ಕಲ್ಲಿನ ಕೆಳಗೆ ಅಗೆಯಬೇಡಿ.

ಒಳಗೆ ಕೆಟ್ಟ ಸಿಮೆಂಟ್ ಗಿಲಾವನ್ನು ಕಲೆ ಕಾಣುವ ಜಾಗಕ್ಕಿಂತ ಒಂದು ಅಡಿ ಮೇಲಿನವರೆಗೆ ಕೆತ್ತಿಸಿ. ಆ ಪುಡಿಯನ್ನು ಮತ್ತೆ ಗಾರೆಗೆ ಸೇರಿಸಲು ಬಿಡಬೇಡಿ, ಅದರ ತುಂಬ ಉಪ್ಪು. ಅಂಥ ಉಪ್ಪು ಗಾಳಿಯಿಂದಲೇ ನೀರು ಎಳೆಯುತ್ತದೆ. ಆಮೇಲೆ ಇಟ್ಟಿಗೆಯನ್ನು ಹಾಗೇ ಬೆತ್ತಲೆ ಬಿಡಿ.

ಒದ್ದೆಗೋಡೆ:
ಎಷ್ಟು ದಿನ?

ಗಾರೆಕೈ:
ದಿನ ಅಲ್ಲ, ತಿಂಗಳು. ನಮ್ಮ ಕಸುಬಿನಲ್ಲಿ ಅಂದಾಜು ಇರುವುದು ಇಂಚಿಗೆ ಒಂದು ತಿಂಗಳು. ಒಂಬತ್ತು ಇಂಚಿನ ಗೋಡೆ ಅಂದರೆ ನೀವೇ ಲೆಕ್ಕ ಹಾಕಿ. ಎರಡೂ ಕಡೆ ಗಾಳಿ ಸಿಕ್ಕರೆ ಬೇಗ ಆಗಬಹುದು. ಅವಸರದಲ್ಲಿ ಗಿಲಾವು ಮಾಡಿಸಿದರೆ ಮತ್ತೆ ಇಲ್ಲೇ ಸಿಗುತ್ತೀರಿ.

ಎರಡನೇಮಹಡಿ:
ಇಷ್ಟು ತಿಂಗಳು ಮಲಗುವ ಕೋಣೆಯಲ್ಲಿ ಬೆತ್ತಲೆ ಇಟ್ಟಿಗೆ ನೋಡಿಕೊಂಡು ಇರುವುದಾ?

ಸುಮ್ನೆಓದುಗ:
ದೊಡ್ಡ ಹೋಟೆಲಿನಲ್ಲಿ ಅದಕ್ಕೇ ಜಾಸ್ತಿ ದುಡ್ಡು ತಗೊಳ್ಳುತ್ತಾರೆ.

ಕಿಟಕಿಪಕ್ಕ:
ಮೇಲಿನ ಕಪ್ಪು ಚುಕ್ಕೆಗೆ ಆ ಸಣ್ಣ ಡಬ್ಬಿ ಸಿಗುತ್ತದಲ್ಲ, ತೇವ ಹೀರುವ ಹರಳು ಇರುವುದು. ಎರಡು ಇಟ್ಟರೆ ಸಾಕು. ನಾನು ಇಟ್ಟಿದ್ದೇನೆ, ಅರ್ಧ ಡಬ್ಬಿ ನೀರು ತುಂಬಿದೆ.

ಲೆಕ್ಕದವನು:
ಮುಚ್ಚಿದ ಬೀರುವಿನ ಒಳಗೆ ಸರಿ. ಇಡೀ ಕೋಣೆಗೆ ಅದು ಯಾವ ಮೂಲೆಗೂ ಸಾಲದು. ಅರ್ಧ ಡಬ್ಬಿ ತುಂಬಲು ಎಷ್ಟು ವಾರ ಹಿಡಿಯಿತು? ನಾಲ್ಕು ಜನರ ಸಂಸಾರ ಉಸಿರು, ಬೆವರು, ಸ್ನಾನ, ಅಡುಗೆ, ಬಟ್ಟೆ ಎಲ್ಲಾ ಸೇರಿ ದಿನಕ್ಕೆ ಹತ್ತು ಲೀಟರಿನ ಹತ್ತಿರ ನೀರು ಗಾಳಿಗೆ ಬಿಡುತ್ತದೆ. ಬೇಕೇ ಬೇಕು ಅಂದರೆ ಡಿಹ್ಯುಮಿಡಿಫೈಯರ್ ಮೆಷಿನ್ ತಗೊಳ್ಳಿ, ಕಿಟಕಿ ಮುಚ್ಚಿ ಓಡಿಸಿ. ಕಿಟಕಿ ತೆಗೆದು ಓಡಿಸಿದರೆ ಊರಿನ ಗಾಳಿ ಒಣಗಿಸಲು ಹೊರಟ ಹಾಗೆ.

ಒದ್ದೆಗೋಡೆಯವರೇ, ಆ ಕೋಣೆಗೆ ಶೇ. 82 ಎಲ್ಲಿಂದ ಬಂತು? ಪಕ್ಕದಲ್ಲಿ ಬಚ್ಚಲು ಇದೆಯಾ?

ಒದ್ದೆಗೋಡೆ:
ಇದೆ, ಕೋಣೆಗೇ ಬಾಗಿಲು. ರಾತ್ರಿ ಎಲ್ಲರದ್ದೂ ಬಿಸಿನೀರಿನ ಸ್ನಾನ. ಹಬೆ ಹೋಗಲಿ ಅಂತ ಬಾಗಿಲು ತೆಗೆದಿಡುತ್ತಿದ್ದೆವು.

ಲೆಕ್ಕದವನು:
ಹೋಗುತ್ತಿತ್ತು. ಬೀರು ಹಿಂದಕ್ಕೆ.

ಒದ್ದೆಗೋಡೆ:
ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆ ಫೋಟೋ ಕಳಿಸಿದ್ದೇನೆ.

ಹೊರಗೆ ಕಾಲುವೆ ಆಯಿತು. ಒಡೆಯುವಾಗ ಟೈಲ್ಸ್ ಕೆಳಗಿನ ಮಣ್ಣು ಹಿಂಡಿದರೆ ನೀರು ಬರುವ ಹಾಗಿತ್ತು, ಅದೂ ಮಳೆ ನಿಂತು ಮೂರು ವಾರ ಆದಮೇಲೆ. ಒಳಗೆ ಗಿಲಾವು ಕೆತ್ತಿಸಿದ ಮೊದಲ ತಿಂಗಳು ಇಟ್ಟಿಗೆ ಮೇಲೆ ವಾರಕ್ಕೊಮ್ಮೆ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಬರುತ್ತಿತ್ತು. ಒಣ ಬ್ರಷ್‌ನಲ್ಲಿ ಉದುರಿಸುತ್ತಾ ಬಂದೆವು. ಈಗ ಕಡಿಮೆ. ಇಟ್ಟಿಗೆಯ ಬಣ್ಣ ಮೇಲಿಂದ ಕೆಳಕ್ಕೆ ತಿಳಿಯಾಗುತ್ತಾ ಬರುತ್ತಿದೆ. ಪ್ರತಿ ಭಾನುವಾರ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತೇನೆ. ಹದಿನಾರು ಗೀಟು ಇಳಿದಿದೆ, ನೆಲಕ್ಕೆ ಇನ್ನೂ ಒಂದು ಗೇಣು ಬಾಕಿ. ಅದು ಮುಗಿಯುವವರೆಗೆ ಗಿಲಾವು ಇಲ್ಲ. ಆಮೇಲೆ ಸುಣ್ಣವೇ.

ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಬಂತು. ಸ್ನಾನ ಆದಮೇಲೂ ಇಪ್ಪತ್ತು ನಿಮಿಷ ಓಡುತ್ತದೆ, ಬಾಗಿಲು ಮುಚ್ಚಿರುತ್ತದೆ. ಕೋಣೆಯಲ್ಲಿ ಈಗ ಬೆಳಿಗ್ಗೆ ಶೇ. 60ರ ಆಸುಪಾಸು. ಚುಕ್ಕೆಗಳನ್ನು ಸೋಪು ನೀರಿನಲ್ಲಿ ಒರೆಸಿದ್ದು ಒಂದೇ ಸಲ. ಈವರೆಗೆ ಮತ್ತೆ ಬಂದಿಲ್ಲ. ಮುಂದಿನ ಮಳೆಗಾಲ ದಾಟಲಿ, ಆಗ ನಂಬುತ್ತೇನೆ. ಅಮ್ಮನ ಸೀನು ಪೂರ್ತಿ ನಿಂತಿಲ್ಲ, ಆದರೆ ಕಡಿಮೆ ಆಗಿದೆ.

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಇಟ್ಟಿದ್ದೇವೆ. ಅಮ್ಮನ ಹೊಸ ದೂರು ಏನೆಂದರೆ, ಮೇಲಿಟ್ಟಿದ್ದೆಲ್ಲ ಆ ಸಂದಿಗೆ ಬೀಳುತ್ತದೆ. ನಿನ್ನೆ ಟಾರ್ಚ್ ಬಿಟ್ಟು ಕನ್ನಡಕ ಹುಡುಕಿದೆವು. ಗೋಡೆ ಒಣಗಿತ್ತು.

ಬಾಡಿಗೆಮನೆ:
ನಮ್ಮ ಪೈಪೂ ರಿಪೇರಿ ಆಯಿತು. ವಿಡಿಯೋ ನೋಡಿದ ಮೇಲೆ ಮಾಲೀಕರು ಬಟ್ಟೆಯ ಮಾತು ಎತ್ತಲಿಲ್ಲ.

ಎರಡನೇಮಹಡಿ:
ಸುಮ್ನೆ ಕುತೂಹಲಕ್ಕೆ ನಾನೂ ಇವತ್ತು ಬೀರು ಸರಿಸಿದೆ. ದಪ್ಪ ಕೋಟಿಂಗ್ ಮೇಲೆ, ಅಂಗೈಯಗಲ, ಕಪ್ಪು ಚುಕ್ಕೆ.

ಅಲ್ಯೂಮಿನಿಯಂ ಹಾಳೆಯ ಯಾವ ಮುಖ ಗೋಡೆಗೆ ಬರಬೇಕು, ಹೊಳೆಯುವುದಾ, ಮಂಕಾದದ್ದಾ?

ಲೆಕ್ಕದವನು:
ಯಾವುದಾದರೂ ಆಗುತ್ತದೆ. ಟೇಪ್ ಬಿಗಿಯಾಗಿರಲಿ.